ಆರೋಪಿಯ ಪರ ಸಾಕ್ಷಿ ಹೇಳುವುದು ಅಪರಾಧವೆ?

ಕಳೆದ ತಿಂಗಳ ಸಭೆ ಮುಗಿದು ಎಲ್ಲರೂ ಉಪ್ಪಿಟ್ಟು ಕಾಫಿಗೆಂದು ಎದ್ದ ವೇಳೆಯಲ್ಲಿ ನಮ್ಮ ಹಿರಿಯ ಸದಸ್ಯರೊಬ್ಬರನ್ನು ನೋಡಿ ಮತ್ತೊಬ್ಬರು, “ಏನ್ರೀ ಮಾಸ್ತರ, ಕೊಲೆಗಡುಕನ ಪರ ಸಾಕ್ಷಿ ಹೇಳಿದ್ದಕ್ಕ ಎಷ್ಟು ಸಿಕ್ಕಿತು?” ಎಂದು ಕೇಳಿದರು. ಕೇಳಿದವರು ನಕ್ಕರು, ಸುತ್ತಲಿದ್ದವರೂ ನಕ್ಕರು. ಮಾಸ್ತರರು ಕಾಫಿಯ ಲೋಟ ಕೆಳಗಿಟ್ಟು ಮನೆಗೆ ಹೊರಟುಹೋದರು. ಆ ನಗುವಿನಲ್ಲಿ ನಾವೂ ಸೇರಿದ್ದೆವು. ಅದಕ್ಕಾಗಿಯೇ ಈ ಮಾತುಗಳನ್ನು ಬರೆಯಬೇಕಾಗಿದೆ.

ನಡೆದ ಸಂಗತಿ ಇಷ್ಟು. ಯಾದಗಿರಿ ಕಡೆಯಿಂದ ಗಾರೆ ಕೆಲಸಕ್ಕೆಂದು ಹೈದರಾಬಾದಿಗೆ ಬಂದಿದ್ದ ಹುಡುಗನೊಬ್ಬ ಕೊಲೆ ಮೊಕದ್ದಮೆಯಲ್ಲಿ ಸಿಕ್ಕಿಬಿದ್ದ. ಕೊಲೆ ನಡೆದ ರಾತ್ರಿ ಅವನು ನಮ್ಮ ರಾಜ್ಯೋತ್ಸವದ ಚಪ್ಪರ ಬಿಚ್ಚಿ, ಕುರ್ಚಿ ಎಣಿಸಿಕೊಟ್ಟು, ನಮ್ಮ ಅಂಗಳದಲ್ಲಿಯೇ ಮಲಗಿದ್ದ. ನೋಡಿದವರು ಏಳೆಂಟು ಮಂದಿ. ಅವನ ಪರ ವಕೀಲರು ಬಂದು ಕೇಳಿಕೊಂಡಾಗ ಒಬ್ಬರಿಗೆ ರಕ್ತದೊತ್ತಡ, ಒಬ್ಬರಿಗೆ ಮಗಳ ಮದುವೆ, ಇನ್ನೊಬ್ಬರಿಗೆ ಆಫೀಸಿನಲ್ಲಿ ರಜೆ ಇಲ್ಲ. ಕೋರ್ಟಿಗೆ ಹೋದವರು ಮಾಸ್ತರರೊಬ್ಬರೆ. ಮೂರು ವಾಯಿದೆ ಅಲೆದು, ನಾಲ್ಕನೆಯ ಸಲ ಕಟಕಟೆ ಹತ್ತಿ, ಚಪ್ಪರದವನಿಗೆ ಹಣ ಕೊಟ್ಟ ರಸೀದಿಯನ್ನು ತೋರಿಸಿ, ತಾವು ಕಂಡದ್ದನ್ನು ಹೇಳಿದರು. ಹುಡುಗ ಖುಲಾಸೆಯಾದ. ಆ ವೇಳೆಗೆ ಮೂರು ವರ್ಷ ಜೈಲಿನಲ್ಲಿ ಕಳೆದಿದ್ದ. ಅವನು ಕೊಲೆಗಾರನಲ್ಲವೆಂದು ಕೋರ್ಟು ಹೇಳಿಯಾಯಿತು. ನಾವು ಮಾತ್ರ ಇನ್ನೂ ಹೇಳಿಲ್ಲ.

“ಆರೋಪಿಯ ಪರ ಬರುವ ಸಾಕ್ಷಿಗಳೆಲ್ಲ ಕೊಂಡು ತಂದವರು” ಎಂಬ ಮಾತು ನಮ್ಮ ಜನರಲ್ಲಿ ಬೇರೂರಿದೆ. ಪೊಲೀಸರು ಕರೆತಂದವರು ಸತ್ಯಹರಿಶ್ಚಂದ್ರರು, ವಕೀಲರು ಕರೆತಂದವರು ಸುಳ್ಳರು! ಈ ನ್ಯಾಯವನ್ನು ನಮಗೆ ಕಲಿಸಿದವರಾರು? 1981ರಲ್ಲಿ ದೂಧನಾಥ ಪಾಂಡೆ ಎಂಬವರ ಕೊಲೆ ಮೊಕದ್ದಮೆಯ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಆರೋಪಿಯ ಕಡೆಯ ಸಾಕ್ಷಿಗಳಿಗೂ ಸರ್ಕಾರದ ಕಡೆಯ ಸಾಕ್ಷಿಗಳಷ್ಟೇ ಮನ್ನಣೆ ಸಲ್ಲಬೇಕೆಂದು ಹೇಳಿತು. ಇವರಲ್ಲಿ ಸುಳ್ಳು ಹೇಳುವವರಿದ್ದರೆ ಅವರಲ್ಲೂ ಇದ್ದಾರೆ, ಆದ್ದರಿಂದ ಹುಟ್ಟುಗುಣದ ಅಪನಂಬಿಕೆಯನ್ನು ಕೋರ್ಟುಗಳು ಬಿಡಬೇಕೆಂಬುದು ಅದರ ತಾತ್ಪರ್ಯ. ಆ ಆರೋಪಿಯೂ ತಾನು ಆ ಹೊತ್ತಿಗೆ ಬೇರೆ ಕಡೆ ಇದ್ದೆನೆಂದೇ ವಾದಿಸಿದ್ದ. ಕೋರ್ಟು ಅವನ ಸಾಕ್ಷಿಗಳನ್ನು ತೂಗಿ ನೋಡಿ, ಆ ವಾದ ಸಾಲದೆಂದು ತಳ್ಳಿಹಾಕಿತು. ತೂಗಿ ನೋಡಿದ ಮೇಲೆ ತಳ್ಳುವುದು ಬೇರೆ, ಮುಖ ನೋಡುತ್ತಲೇ ತಳ್ಳುವುದು ಬೇರೆ.

ಕೊಲೆ ಮೊಕದ್ದಮೆ ನಡೆಯುವ ಕ್ರಮವನ್ನಾದರೂ ನಾವು ತಿಳಿಯಬೇಕು. ಮೊದಲು ಸರ್ಕಾರದ ಸಾಕ್ಷಿಗಳು. ಅವರನ್ನು ಆರೋಪಿಯ ವಕೀಲರು ಪಾಟೀಸವಾಲಿಗೆ ಗುರಿಪಡಿಸುತ್ತಾರೆ: ಪೊಲೀಸರೆದುರು ಹೇಳಿದ್ದೇನು, ಇಲ್ಲಿ ಹೇಳುತ್ತಿರುವುದೇನು, ದೀಪವಿಲ್ಲದ ಓಣಿಯಲ್ಲಿ ಮುಖ ಕಂಡದ್ದು ಹೇಗೆ? ನಂತರ ನ್ಯಾಯಾಧೀಶರು ಸಾಕ್ಷ್ಯದಲ್ಲಿ ಬಂದ ಒಂದೊಂದು ಅಂಶವನ್ನೂ ಆರೋಪಿಯ ಮುಂದಿಟ್ಟು ಅವನ ಉತ್ತರ ಕೇಳುತ್ತಾರೆ. ಹಳೆಯ ಕ್ರಿಮಿನಲ್ ಸಂಹಿತೆಯ 313ನೆಯ ಕಲಮಿನಲ್ಲಿದ್ದ ಈ ಏರ್ಪಾಡು 2024ರ ಜುಲೈ 1ರಿಂದ ಬಂದ ಹೊಸ ಸಂಹಿತೆಯಲ್ಲೂ ಉಳಿದಿದೆ. ಆಮೇಲೆ ಆರೋಪಿಯ ಸಾಕ್ಷಿಗಳ ಸರದಿ. ಅಪರಾಧವನ್ನು ರುಜುವಾತುಪಡಿಸುವ ಹೊರೆ ಸರ್ಕಾರದ್ದು. ಆದರೆ “ನಾನು ಆ ಹೊತ್ತಿಗೆ ಅಲ್ಲಿರಲಿಲ್ಲ” ಎಂದು ವಾದಿಸಿದರೆ, ಎಲ್ಲಿದ್ದೆನೆಂದು ತೋರಿಸುವ ಹೊರೆ ಆರೋಪಿಯದು. ಕಂಡವರು ಬಾಯಿಬಿಡದಿದ್ದರೆ ಅವನು ತೋರಿಸುವುದು ಹೇಗೆ? ಊರಿನಲ್ಲಾದರೆ ಕೇರಿಗೆ ಕೇರಿಯೇ ಗುರುತಿನವರು. ಇಲ್ಲಿ ಭಾಷೆ ಬಾರದ ಹುಡುಗನಿಗೆ ಗುರುತಿನವರೆಂದರೆ ನಾವೇ. ತೆಲುಗಿನಲ್ಲಿ ಬರೆದುಕೊಂಡ ಹೇಳಿಕೆಯನ್ನು ಅವನು ಓದಲಾರ. ಕೋರ್ಟಿನಲ್ಲಿ ನಡೆಯುವ ಸಾಕ್ಷ್ಯವನ್ನು ಆರೋಪಿಗೆ ತಿಳಿಯುವ ಭಾಷೆಯಲ್ಲಿ ವಿವರಿಸಬೇಕೆಂದು ಕಾನೂನೇನೋ ಹೇಳುತ್ತದೆ. ಅದನ್ನು ಕೇಳಿ ಪಡೆಯಬೇಕೆಂಬುದನ್ನು ಅವನಿಗೆ ಹೇಳುವವರಾರು?

“ಆರೋಪಿಗೆ ವಕೀಲನೇಕೆ, ಸಾಕ್ಷಿಯೇಕೆ? ಗುಂಡು ಹೊಡೆದುಬಿಡಬೇಕು” ಎನ್ನುವವರು ನಮ್ಮಲ್ಲಿ ಕಡಿಮೆಯಿಲ್ಲ. ಹಾಗೆ ಮಾಡಿ ನೋಡಿದ ಊರಿನಲ್ಲೇ ನಾವಿದ್ದೇವೆ. 2019ರ ನವೆಂಬರಿನಲ್ಲಿ ಶಂಶಾಬಾದಿನ ಬಳಿ ತರುಣ ಪಶುವೈದ್ಯೆಯೊಬ್ಬಳ ಮೇಲೆ ಅತ್ಯಾಚಾರವೆಸಗಿ ಕೊಂದು ಸುಟ್ಟರು. ನಮ್ಮ ಮನೆಯ ಹೆಣ್ಣುಮಕ್ಕಳು ರಾತ್ರಿ ಮನೆ ಸೇರುವವರೆಗೆ ನಾವು ಬಾಗಿಲಲ್ಲೇ ನಿಂತಿದ್ದ ದಿನಗಳವು. ಬಂಧಿತರಾದ ನಾಲ್ವರ ಪರ ವಾದಿಸುವುದಿಲ್ಲವೆಂದು ಆ ಭಾಗದ ವಕೀಲರು ಸಾರಿದರು. ಡಿಸೆಂಬರ್ 6ರ ನಸುಕಿನಲ್ಲಿ ಪೊಲೀಸರ ಗುಂಡಿಗೆ ನಾಲ್ವರೂ ಸತ್ತರು. ಜನ ಪೊಲೀಸರ ಮೇಲೆ ಹೂವು ಎರಚಿದರು. ನಮ್ಮಲ್ಲೂ ಸಿಹಿ ಹಂಚಿದವರಿದ್ದರು. ಸುಪ್ರೀಂ ಕೋರ್ಟು ನೇಮಿಸಿದ ನ್ಯಾಯಮೂರ್ತಿ ಸಿರ್ಪುರ್ಕರ್ ಆಯೋಗದ ವರದಿ 2022ರ ಮೇ ತಿಂಗಳಲ್ಲಿ ಬಹಿರಂಗವಾಯಿತು. ಪೊಲೀಸರು ಹೇಳಿದ ಕಥೆ ನಂಬತಕ್ಕದ್ದಲ್ಲ, ಕೊಲ್ಲುವ ಉದ್ದೇಶದಿಂದಲೇ ಗುಂಡು ಹಾರಿಸಲಾಗಿದೆ, ಸತ್ತವರಲ್ಲಿ ಮೂವರು ಅಪ್ರಾಪ್ತ ವಯಸ್ಕರು, ಹತ್ತು ಮಂದಿ ಪೊಲೀಸರ ಮೇಲೆ ಕೊಲೆ ಮೊಕದ್ದಮೆ ನಡೆಯಬೇಕು ಎಂದು ಆಯೋಗ ಹೇಳಿತು. ಸುಪ್ರೀಂ ಕೋರ್ಟು ಮುಂದಿನ ಕ್ರಮವನ್ನು ತೆಲಂಗಾಣ ಹೈಕೋರ್ಟಿಗೆ ಒಪ್ಪಿಸಿತು. ಆ ನಾಲ್ವರು ನಿರಪರಾಧಿಗಳೆಂದು ನಾವು ಹೇಳುತ್ತಿಲ್ಲ. ಆ ಹೆಣ್ಣುಮಗಳನ್ನು ಕೊಂದವರಾರೆಂದು ತೆರೆದ ಕೋರ್ಟಿನಲ್ಲಿ, ಎದುರು ಪಕ್ಷದ ಪ್ರಶ್ನೆಗಳನ್ನು ತಾಳಿಕೊಂಡು ಸಿದ್ಧವಾಗುವ ಸತ್ಯವೊಂದು ಇನ್ನೆಂದಿಗೂ ಸಿಗದಂತಾಯಿತು. ಅನ್ಯಾಯವಾದದ್ದು ಅವಳಿಗೂ ಹೌದು.

ವಕೀಲರೇ ಬೇಡವೆನ್ನುವ ಈ ಚಾಳಿ ನಮ್ಮ ನಾಡಿಗೂ ಹೊಸದಲ್ಲ. 2020ರಲ್ಲಿ ರಾಜದ್ರೋಹದ ಆರೋಪ ಹೊತ್ತ ಮೂವರು ಕಾಶ್ಮೀರಿ ವಿದ್ಯಾರ್ಥಿಗಳ ಪರ ಯಾರೂ ವಕಾಲತ್ತು ವಹಿಸಬಾರದೆಂದು ಹುಬ್ಬಳ್ಳಿಯ ವಕೀಲರ ಸಂಘ ಠರಾವು ಮಾಡಿ, ಹೈಕೋರ್ಟಿನಿಂದ ಛೀಮಾರಿ ಹಾಕಿಸಿಕೊಂಡಿತು. ಅಂಥ ಠರಾವುಗಳು ಕಾನೂನುಬಾಹಿರವೆಂದು ಸುಪ್ರೀಂ ಕೋರ್ಟು 2010ರಲ್ಲಿಯೇ ಹೇಳಿತ್ತು. ಬಂಧಿತನು ತನ್ನ ಇಚ್ಛೆಯ ವಕೀಲನನ್ನು ಹೊಂದುವ ಹಕ್ಕು ಸಂವಿಧಾನದ 22ನೆಯ ವಿಧಿಯಲ್ಲಿದೆ. ಒಳ್ಳೆಯವನಾದರೆ ಮಾತ್ರ ಎಂಬ ಷರತ್ತು ಅದರಲ್ಲಿಲ್ಲ.

ಕೆಳಗಿನ ಕೋರ್ಟು ತಪ್ಪಿದರೆ ಮೇಲಿನದು ತಿದ್ದುತ್ತದಲ್ಲ ಎನ್ನುವವರಿಗೆ ಒಂದು ಉದಾಹರಣೆ ಸಾಕು. ಮಹಾರಾಷ್ಟ್ರದ ಅಂಕುಶ ಮಾರುತಿ ಶಿಂಧೆ ಮತ್ತು ಇತರ ಐವರು ಅಲೆಮಾರಿ ಜನಾಂಗದ ಬಡವರು. ಕೊಲೆ, ಅತ್ಯಾಚಾರದ ಮೊಕದ್ದಮೆಯಲ್ಲಿ 2009ರಲ್ಲಿ ಸುಪ್ರೀಂ ಕೋರ್ಟೇ ಆರೂ ಜನರಿಗೆ ಗಲ್ಲು ಕಾಯಂ ಮಾಡಿತು. ಪ್ರತ್ಯಕ್ಷ ಸಾಕ್ಷಿ ಮೊದಲು ಪೊಲೀಸರ ಭಾವಚಿತ್ರಗಳಲ್ಲಿ ಗುರುತಿಸಿದ್ದು ಬೇರೆಯವರನ್ನು. ಇದಕ್ಕೆ ತಕ್ಕ ಬೆಲೆ ಸಿಕ್ಕಿದ್ದು 2019ರ ಮಾರ್ಚ್ 5ರಂದು. ಆ ದಿನ ಅದೇ ಸುಪ್ರೀಂ ಕೋರ್ಟು ಆರೂ ಜನರನ್ನು ಬಿಡುಗಡೆ ಮಾಡಿ, ತಲಾ 5 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಆಜ್ಞೆ ಮಾಡಿತು. ನಡುವೆ ಕಳೆದದ್ದು ಹದಿನಾರು ವರ್ಷ. ಗಲ್ಲು ಬೇಗ ಜಾರಿಯಾಗಿದ್ದರೆ ಆ ಪರಿಹಾರವನ್ನು ಯಾರ ಕೈಗೆ ಕೊಡುತ್ತಿದ್ದರು?

ಇನ್ನೊಂದು ಕಡೆಯ ಮಾತನ್ನೂ ನಾವು ಮರೆಮಾಚುವುದಿಲ್ಲ. ಹಣ ಚೆಲ್ಲಿ, ಬೆದರಿಸಿ ಸಾಕ್ಷಿಗಳನ್ನು ತಿರುಗಿಸುವವರಿದ್ದಾರೆ. ವಡೋದರದ ಬೆಸ್ಟ್ ಬೇಕರಿ ಮೊಕದ್ದಮೆಯಲ್ಲಿ ಸಾಕ್ಷಿಗಳು ಒಬ್ಬರ ಹಿಂದೊಬ್ಬರು ತಿರುಗಿಬಿದ್ದು, 2003ರಲ್ಲಿ ಇಪ್ಪತ್ತೊಂದು ಆರೋಪಿಗಳೂ ಖುಲಾಸೆಯಾದರು. ಮರುವಿಚಾರಣೆಗೆ 2004ರಲ್ಲಿ ಸುಪ್ರೀಂ ಕೋರ್ಟೇ ಆಜ್ಞೆ ಮಾಡಬೇಕಾಯಿತು. ಇಂಥದ್ದು ಪ್ರತಿವಾದವಲ್ಲ, ಇನ್ನೊಂದು ಅಪರಾಧ. ಅದಕ್ಕೆ ಮದ್ದು ಸಾಕ್ಷಿಗಳ ರಕ್ಷಣೆ. 2018ರಲ್ಲಿ ಸುಪ್ರೀಂ ಕೋರ್ಟು ಅದಕ್ಕೊಂದು ಯೋಜನೆಯನ್ನೂ ಒಪ್ಪಿ ಜಾರಿಮಾಡಿತು. ಕಳ್ಳಸಾಕ್ಷಿಯನ್ನು ಬಯಲಿಗೆಳೆಯುವ ಪಾಟೀಸವಾಲು ಸರ್ಕಾರಿ ವಕೀಲರ ಕೈಯಲ್ಲೂ ಇದೆ. ನಮ್ಮ ಮಾಸ್ತರರನ್ನೂ ಅವರು ಬಿಡಲಿಲ್ಲ. “ಅದೇ ರಾತ್ರಿ ಎಂಬುದು ನಿಮಗೆ ನೆನಪಿರುವುದು ಹೇಗೆ? ನಿಮ್ಮ ಕಡೆಯವನೆಂದು ಹೇಳುತ್ತಿದ್ದೀರಲ್ಲವೆ?” ಎಂದು ಒಂದೂವರೆ ಗಂಟೆ ಕೇಳಿದರು. ಅದು ಅವರ ಕರ್ತವ್ಯ. ಮಾಸ್ತರರು ಬೇಸರಿಸದೆ ಉತ್ತರ ಕೊಟ್ಟರು. ಕೋರ್ಟಿನ ಪ್ರಶ್ನೆಗೆ ನಿಂತವರು ನಮ್ಮ ಜಗಲಿಯ ನಗುವಿಗೆ ನಿಲ್ಲಲಾರದೆ ಹೋದರು.

“ನಮ್ಮ ಕಡೆಯವ” ಎಂಬ ಕಾರಣಕ್ಕೆ ಸುಳ್ಳು ಸಾಕ್ಷಿ ಹೇಳಿರೆಂದು ನಾವು ಕೇಳುತ್ತಿಲ್ಲ. ಅದು ಪಾಪ, ಶಿಕ್ಷಾರ್ಹವೂ ಹೌದು. ಕಂಡದ್ದನ್ನು ಕಂಡಂತೆ ಹೇಳಲು, ಕರೆ ಬಂದಾಗ ರಕ್ತದೊತ್ತಡದ ನೆವ ಹೇಳದೆ ಹೋಗೋಣ ಎನ್ನುತ್ತಿದ್ದೇವೆ, ಅಷ್ಟೆ. ನಮ್ಮ ಸಂಘದಲ್ಲಿ ವಕೀಲರಿದ್ದಾರೆ, ತೆಲುಗು ಕನ್ನಡ ಎರಡನ್ನೂ ಬಲ್ಲವರು ಬೇಕಾದಷ್ಟು ಮಂದಿ ಇದ್ದಾರೆ. ತಿಂಗಳಿಗೆ ಒಂದು ಭಾನುವಾರ ಅವರು ಎರಡು ಗಂಟೆ ಕುಳಿತರೆ, ಊರಿನಿಂದ ಕೂಲಿಗೆ ಬಂದವರ ಕಾಗದಗಳನ್ನು ಓದಿ ಹೇಳಬಹುದು, ಉಚಿತ ಕಾನೂನು ನೆರವು ಎಲ್ಲಿ ಸಿಗುತ್ತದೆಂದು ತಿಳಿಸಬಹುದು. ನಾಟಕಕ್ಕೂ ಊಟಕ್ಕೂ ಕೂಡುವ ನಾವು ಇದಕ್ಕೆ ಕೂಡಲಾರೆವೆ?

ಮುಂದಿನ ಸಭೆಯಲ್ಲಿ ಈ ಸೂಚನೆಯನ್ನು ಮಂಡಿಸುತ್ತೇವೆ. ಅದಕ್ಕೂ ಮುಂಚೆ ಮಾಡಬೇಕಾದ ಕೆಲಸ ಇನ್ನೊಂದಿದೆ. ಆ ದಿನ ನಕ್ಕವರು ಮಾಸ್ತರರ ಮನೆಗೆ ಹೋಗಿ ತಪ್ಪಾಯಿತೆಂದು ಹೇಳಬೇಕು. ಬರುವ ಭಾನುವಾರ ಬೆಳಿಗ್ಗೆ ನಾವು ಹೊರಡುತ್ತೇವೆ. ಜೊತೆಗೆ ಬರುವವರು ಬರಬಹುದು.