ಹಂಚಿನ ಮೇಲಿನ ಖಂಡಕ್ಕೆ ಯಾರ ಅಪ್ಪಣೆ ಬೇಕು?



ಸೋಮವಾರ ಮುಂಜಾನೆ ಊರಿಂದ ಹಾಸ್ಟೆಲಿಗೆ ಮರಳಿದಾಗ ಪಕ್ಕದ ಕಾಟಿನವನು ಕೇಳುತ್ತಾನೆ: 'ನಿನ್ನಿ ಮನ್ಯಾಗ ಏನ್ ಮಾಡಿದ್ರಲೇ?' ನಾವು ಹೇಳುತ್ತೇವೆ: 'ಬದನಿಕಾಯಿ.' ನಾನೂ ಮೂರು ವರ್ಷ ಬದನಿಕಾಯಿಯನ್ನೇ ಹೇಳಿದವನು. ಭೋಜದಲ್ಲಿ ಅವ್ವ ಒಲಿ ಮುಂದೆ ಕುಂತು ಹೊಗೆ ನುಂಗಿ ಬೇಯಿಸಿದ ಎಮ್ಮಿ ಖಂಡವನ್ನು ಒಂದೇ ಮಾತಿನಲ್ಲಿ ಬದನಿಕಾಯಿ ಮಾಡಿಬಿಟ್ಟೆ. ಈ ಸುಳ್ಳನ್ನು ಯಾರೂ ಬಡಿದು ಕಲಿಸಲಿಲ್ಲ. ತಾನಾಗಿ ಬಂತು. ಜಾತಿ ಕೆಲಸ ಮಾಡುವುದೇ ಹೀಗೆ.

ಇದೇ ಖಂಡ ಬೆಂಗಳೂರಿನ ದೊಡ್ಡ ಹೋಟೆಲಿಗೆ ಹೋದರೆ ಹೆಸರು ಬದಲಾಗುತ್ತದೆ. ಅಲ್ಲಿ ಅದು 'ಸ್ಟೇಕ್'. ಮೇಲೆ ಬೆಣ್ಣೆಯಲ್ಲಿ ಹುರಿದ ಅಣಬೆ, ಕೆಳಗೆ ಬಿಳಿ ತಾಟು, ಕೈಯಲ್ಲಿ ಚೂರಿ. ತಿಂದವನು ನಾಗರಿಕ. ನಮ್ಮ ಕೇರಿಯ ಬೋಗೋಣಿಯಲ್ಲಿ ಬೆಂದರೆ ಮಾತ್ರ ಅದು ಹೊಲಸು, ತಿಂದವನು ಹೊಲೆಯ. ಖಂಡ ಒಂದೇ, ಉಪ್ಪು ಒಂದೇ, ಬೆಂಕಿ ಒಂದೇ. ಹಂಗಾರ ಹೊಲಸು ಎಲ್ಲಿಂದ ಬಂತು?

ಈ ಸ್ಟೇಕಿನ ಗುಟ್ಟನ್ನು ಸ್ವಲ್ಪ ಬಿಚ್ಚಿ ನೋಡೋಣ. ಬೆನ್ನೆಲುಬಿನ ಪಕ್ಕದ ಖಂಡ ದನದ ಜೀವಮಾನದಲ್ಲಿ ಕಡಿಮೆ ದುಡಿದದ್ದು, ಅದಕ್ಕೇ ಮೆತ್ತಗೆ. ಕಾಲಿನದು, ಹೆಗಲಿನದು ದುಡಿದು ಗಟ್ಟಿಯಾದದ್ದು. ಎಳೆಯ ದನದ ಬೆನ್ನಿನ ತುಂಡನ್ನು ಕಾದ ಹಂಚಿನ ಮೇಲೆ ಐದು ನಿಮಿಷ ಹೊರಳಿಸಿದರೆ ಸಾಕು. ಮುದಿ ದನದ ಖಂಡದ ನಾರು ಬಿಗಿದಿರುತ್ತದೆ. ಸಣ್ಣ ಉರಿಯಲ್ಲಿ ನೀರಿನೊಳಗೆ ತಾಸುಗಟ್ಟಲೆ ಕುದ್ದ ಮೇಲೇ ಅದು ಕರಗಿ ಅಂಟಾಗುತ್ತದೆ. ಅವ್ವನ ಎರಡು ತಾಸನ್ನು ನಾನು ಹಳ್ಳಿಯ ದಡ್ಡತನ ಅಂದುಕೊಂಡಿದ್ದೆ. ಅಲ್ಲ ಗೆಳೆಯರೇ, ಅದು ಶುದ್ಧ ವಿಜ್ಞಾನ. ಹೋಟೆಲಿನ ಐದು ನಿಮಿಷ ಬರೀ ದುಡ್ಡಿನ ಮಹಿಮೆ.

ನಮಗೆ ಯಾಕೆ ಮುದಿ ಖಂಡವೇ ಗತಿ? ಕಾಯ್ದೆಯನ್ನು ಕೇಳಿ. 1964ರ ಕಾಯ್ದೆಯಲ್ಲಿ 12 ವರ್ಷ ದಾಟಿದ ಎತ್ತು, ಎಮ್ಮೆ, ಕೋಣಗಳನ್ನು ಸರ್ಟಿಫಿಕೇಟು ಪಡೆದು ಕಡಿಯಬಹುದಿತ್ತು. 2021ರಲ್ಲಿ ಜಾರಿಗೆ ಬಂದ 2020ರ ಕಾಯ್ದೆ ಎತ್ತನ್ನೂ ಕಸಿದುಕೊಂಡಿತು. ಬಿಟ್ಟದ್ದು 13 ವರ್ಷ ದಾಟಿದ ಎಮ್ಮೆ, ಕೋಣ ಮಾತ್ರ. ತಪ್ಪಿದರೆ ಮೊದಲ ಸಲಕ್ಕೇ 3ರಿಂದ 7 ವರ್ಷ ಜೈಲು, ದನವೊಂದಕ್ಕೆ 50 ಸಾವಿರದಿಂದ 5 ಲಕ್ಷದವರೆಗೆ ದಂಡ. ಕಬ್ಬು ಕಡಿಯುವವನು 5 ಲಕ್ಷ ಎಲ್ಲಿಂದ ತರಬೇಕು? ಗಡಿಯಾಚೆ ಮಹಾರಾಷ್ಟ್ರದಲ್ಲಿ 2015ರಲ್ಲೇ ಎತ್ತಿಗೂ ನಿಷೇಧ ಬಂದಿತ್ತು. ಹೊರರಾಜ್ಯದಲ್ಲಿ ಕಡಿದು ತಂದ ಖಂಡ ಮನೆಯಲ್ಲಿದ್ದರೂ ಅಪರಾಧ ಎಂಬ ಕಲಮು ಅದರಲ್ಲಿತ್ತು. 2016ರ ಮೇ ತಿಂಗಳಲ್ಲಿ ಮುಂಬಯಿ ಹೈಕೋರ್ಟು ಅದನ್ನು ಹೊಡೆದುಹಾಕಿತು, ಮನುಷ್ಯನ ಖಾಸಗಿ ಬದುಕಿಗೆ ಅದು ವಿರುದ್ಧ ಅಂತ. ನಮ್ಮ ಒಲಿಗೂ ಒಂದು ಖಾಸಗಿ ಬದುಕು ಐತಿ ಅಂತ ಹೇಳಲಿಕ್ಕೆ ಹೈಕೋರ್ಟೇ ಬೇಕಾಯಿತು!

ಇನ್ನು ನಮ್ಮವರದೇ ಒಂದು ತಕರಾರು. ನಾಲ್ಕು ಅಕ್ಷರ ಕಲಿತ ಕೆಲವು ಅಣ್ಣಂದಿರು ಹೇಳುತ್ತಾರೆ: 'ಬಾಬಾಸಾಹೇಬರೇ ದನದ ಖಂಡ ಬಿಡ್ರಿ ಅಂದಾರಲ್ಲ.' ಅರ್ಧ ಓದಿದರೆ ಹೀಗೇ ಆಗುವುದು. ಬಾಬಾಸಾಹೇಬರು ನಮಗೆ ದೂರದವರಲ್ಲ, 1925ರ ಏಪ್ರಿಲಿನಲ್ಲಿ ನಮ್ಮ ನಿಪ್ಪಾಣಿಯಲ್ಲೇ ಪರಿಷತ್ತು ನಡೆಸಿದವರು. 1927ರಲ್ಲಿ ಮಹಾಡದಲ್ಲಿ ಅವರು ಬಿಡಲು ಹೇಳಿದ್ದು ಸತ್ತ ದನದ ಮಾಂಸವನ್ನು. ಗೌಡರ ಹಟ್ಟಿಯಲ್ಲಿ ಸತ್ತದ್ದನ್ನು ಬಿಟ್ಟಿ ಹೊತ್ತು ತಂದು, ಅದೇ ಕೂಲಿ ಅಂತ ತಿನ್ನುವುದಿತ್ತಲ್ಲ, ಆ ಗುಲಾಮಗಿರಿಯನ್ನು. ಅದನ್ನು ಬಿಟ್ಟದ್ದು ಸರಿ, ನೂರು ಸಲ ಸರಿ. ಆದರೆ ಸ್ವಂತ ಕೂಲಿ ದುಡ್ಡಿನಿಂದ ಕೊಂಡು, ಸ್ವಂತ ಒಲಿ ಮೇಲೆ ಬೇಯಿಸಿದ್ದು ಯಾವ ಗುಲಾಮಗಿರಿ? 1948ರ ಅಸ್ಪೃಶ್ಯರ ಕುರಿತ ಪುಸ್ತಕದಲ್ಲಿ ಬಾಬಾಸಾಹೇಬರೇ ಬರೆದಿದ್ದಾರೆ: ಒಂದು ಕಾಲಕ್ಕೆ ಬ್ರಾಹ್ಮಣರೂ ಗೋಮಾಂಸ ತಿನ್ನುತ್ತಿದ್ದರು, ಅವರು ಬಿಟ್ಟ ಮೇಲೆ, ಬಿಡಲಾಗದ ಬಡವರು ಅಸ್ಪೃಶ್ಯರಾದರು. ಅದನ್ನು ಓದಿ, ಆಮೇಲೆ ಬನ್ನಿ ವಾದಕ್ಕೆ.

ಭೋಜದಲ್ಲಿ ಜೈನರ ದೊಡ್ಡ ಪರಂಪರೆ ಇದೆ, ಆಚಾರ್ಯ ಶಾಂತಿಸಾಗರರ ಊರು ಅದು. ಅವರ ವ್ರತದ ಮೇಲೆ ನಮಗೆ ಜಗಳವಿಲ್ಲ. ತನ್ನ ನಾಲಿಗೆಗೆ ತಾನೇ ಕಟ್ಟು ಹಾಕಿಕೊಂಡವನಿಗೆ ಮರ್ಯಾದೆ ಕೊಡೋಣ. ಪಕ್ಕದವನ ಬೋಗೋಣಿಯ ಮುಚ್ಚಳ ಎತ್ತಿ ನೋಡುವವನು ಯಾವ ವ್ರತಸ್ಥನೂ ಅಲ್ಲ.

ಮಾತು ಸಾಕು. ಕಳೆದ ಮಳೆಗಾಲದ ಒಂದು ಐತವಾರ ನಾನೇ ಒಲಿ ಮುಂದೆ ಕುಂತೆ. ಎಮ್ಮಿ ಖಂಡವನ್ನು ನಾರಿಗೆ ಅಡ್ಡಲಾಗಿ ಬೆರಳುದಪ್ಪ ಹೋಳು ಮಾಡಿ, ಗುಂಡುಕಲ್ಲಿನಿಂದ ಬಡಿದೆ. ಹಸಿ ಪಪ್ಪಾಯಿ ಅರೆದು ಅರ್ಧ ತಾಸು ಹಚ್ಚಿಟ್ಟೆ. ಅದು ನಾರನ್ನು ಸಡಿಲಿಸುತ್ತದೆ. ಮರೆತು ಹೆಚ್ಚು ಹೊತ್ತು ಬಿಟ್ಟರೆ ಮುದ್ದಿ ಆದೀತು. ಒರೆಸಿ, ಉಪ್ಪು ಹಚ್ಚಿ, ಹೊಗೆಯಾಡುವ ಹಂಚಿಗೆ ಹಾಕಿ ಎರಡೂ ಮಗ್ಗಲು ಕಂದು ಮಾಡಿ ತೆಗೆದೆ. ಅದೇ ಎಣ್ಣೆಗೆ ಉಳ್ಳಾಗಡ್ಡಿ, ಬಳ್ಳೊಳ್ಳಿ, ಆಮೇಲೆ ಅಣಬೆ. ಅಣಬೆ ನೀರು ಬಿಡುತ್ತದೆ, ಆ ನೀರು ಪೂರ್ತಿ ಇಂಗುವವರೆಗೆ ಹುರಿಯಬೇಕು. ಕರಿಮೆಣಸು ಕುಟ್ಟಿ ಹಾಕಿ, ಎಲ್ಲವನ್ನೂ ಬೋಗೋಣಿಗೆ ಸುರಿದು, ಹೋಳು ಮತ್ತೆ ಸೇರಿಸಿ, ಎರಡು ವಾಟಿ ನೀರು ಹೊಯ್ದು ಮುಚ್ಚಿ ಸಣ್ಣ ಉರಿಗೆ ಬಿಟ್ಟೆ. ಒಂದೂವರೆ ತಾಸು ಬೇಕಾಯಿತು, 13 ವರ್ಷದ ಎಮ್ಮಿ ನೋಡ್ರಿ.

ಅಣಬೆ ಅಂಗಡಿಯದು. ಮಳೆ ಬಿದ್ದಾಗ ಹುತ್ತದ ಮೇಲೆ ಏಳುವುದು ಪುಕ್ಕಟೆ ಸಿಗುತ್ತದೆ, ರುಚಿಯೂ ಹೆಚ್ಚು. ಆದರೆ ಗುರುತು ಬಲ್ಲ ಹಿರಿಯರಿಗೆ ತೋರಿಸದೆ ಒಲಿಗೆ ಏರಿಸಬೇಡಿ, ವಿಷದವೂ ಇರುತ್ತವೆ.

ಅವ್ವ ರೊಟ್ಟಿ ಮುರಿದು ಒಂದು ತುತ್ತು ತಿಂದಳು. 'ಖಂಡ ಚಲೋ ಆಗೇತಿ ತಮ್ಮಾ. ಖಾರ ಯಾಕ ಮರತಿ?' ಅಂದು ಖಾರಪುಡಿ ಡಬ್ಬಿ ಎಳೆದುಕೊಂಡಳು. ಎದ್ದು ಡಬ್ಬಿಯಲ್ಲಿ ಒಂದಿಷ್ಟು ತುಂಬಿಕೊಂಡು ಸೋಮವಾರ ಹಾಸ್ಟೆಲಿಗೆ ತಂದೆ. ಪಕ್ಕದ ಕಾಟಿನವನು ಕೇಳಿದ. ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಬಾಗಿಲು ಮುಂದಕ್ಕೆ ಮಾಡಿ ಬಂದು, 'ನಮ್ಮ ಮನ್ಯಾಗೂ ಅದೇ ಇತ್ತಲೇ' ಅಂದ.