ಆಣೆಯಿಲ್ಲದ ಮಾತು

ಮೊನ್ನೆ ಕೋಡಿಹಳ್ಳಿಯಿಂದ ಕನಕಪುರಕ್ಕೆ ಬರುವ ಬಸ್ಸಿನಲ್ಲಿ ನನ್ನ ಹಿಂದಿನ ಆಸನದಲ್ಲಿ ಮೂವರು ಕಾಲೇಜು ಹುಡುಗರು ಕುಳಿತಿದ್ದರು. ಒಬ್ಬನು ತಾನು ಕಂಡ ಚಲನಚಿತ್ರವನ್ನು ಬಣ್ಣಿಸುತ್ತಿದ್ದ. “ಸಖತ್ತಾಗಿದೆ ಮಗಾ, ಬೊಂಬಾಟ್!” ಎಂದ. “ಸುಮ್ನೆ ಬುರುಡೆ ಬಿಡಬೇಡ ಗುರೂ” ಎಂದ ಇನ್ನೊಬ್ಬ. “ತಾಯಾಣೆ ಮಚ್ಚಾ, ನಾನ್ಯಾಕೆ ಕಾಗೆ ಹಾರಿಸಲಿ?” ಎಂದು ಮೊದಲನೆಯವನು ಪ್ರತಿಭಟಿಸಿದ. ನನ್ನ ಪಕ್ಕದಲ್ಲಿದ್ದ ಹಿರಿಯರೊಬ್ಬರು, “ಕನ್ನಡ ಮೇಷ್ಟ್ರು ನೀವು. ಇದನ್ನು ಕೇಳಿಕೊಂಡು ಸುಮ್ಮನಿದ್ದೀರಲ್ಲ!” ಎಂದರು.

ಸುಮ್ಮನಿದ್ದುದಕ್ಕೆ ಕಾರಣವಿತ್ತು. ಬೀದಿಯ ಮಾತನ್ನು ಬೀದಿಯದೆಂಬ ಒಂದೇ ಕಾರಣಕ್ಕೆ ಹಳಿಯುವುದು ನ್ಯಾಯವಲ್ಲ. 1894ರಲ್ಲಿ ಮಂಗಳೂರಿನಿಂದ ಹೊರಬಂದ ಮಹಾನಿಘಂಟನ್ನು ರಚಿಸಿದ ಕಿಟ್ಟೆಲರು ಬಾಸೆಲ್ ಮಿಷನ್ನಿನ ಪಾದ್ರಿಗಳು. ಪ್ರಾಚೀನ ಕಾವ್ಯಗಳ ಪದಗಳ ಮಗ್ಗುಲಲ್ಲಿಯೇ ಅವರು ಜನರ ಬಾಯಲ್ಲಿದ್ದ ಆಡುನುಡಿಗೂ ಗಾದೆಗಳಿಗೂ ಮಣೆ ಹಾಕಿದರು. ಅಲ್ಲದೆ, ಈ ಹುಡುಗರ ನುಡಿಯಲ್ಲಿ ಸುಳ್ಳಿಗಿರುವ ಹೆಸರುಗಳನ್ನು ಎಣಿಸಿ ನೋಡಿ: ಬುರುಡೆ, ಓಳು, ರೀಲು, ಕಾಗೆ ಹಾರಿಸುವುದು, ಕಿವಿಗೆ ಹೂವಿಡುವುದು. ಸುಳ್ಳನ್ನು ಕಂಡೊಡನೆ ಗುರುತಿಸುವ ಕಣ್ಣು ಈ ನುಡಿಗಿದೆ ಎನ್ನಬೇಕು.

ಹಾಗಾದರೆ ದೋಷವೇ ಇಲ್ಲವೆ? ಇದೆ. ನಮ್ಮ ತಾಲ್ಲೂಕಿನಲ್ಲಿ ಹಾರೋಬೆಲೆಯಂತಹ ಊರಿನಲ್ಲಿ ಕ್ರೈಸ್ತರು ಬಹುಕಾಲದಿಂದ ನೆಲೆಸಿದ್ದಾರೆ. ಅವರ ಧರ್ಮಗ್ರಂಥದಲ್ಲಿ, ಮತ್ತಾಯನ ಸುವಾರ್ತೆಯ ಐದನೆಯ ಅಧ್ಯಾಯದಲ್ಲಿ, ಯೇಸು ಬೆಟ್ಟದ ಮೇಲೆ ಮಾಡಿದ ಬೋಧೆಯಿದೆ. ಮಾತನ್ನು ಉಜ್ಜಿ ನೋಡಲು ಅಲ್ಲಿ ಎರಡು ಒರೆಗಲ್ಲುಗಳು ದೊರೆಯುತ್ತವೆ.

ಮೊದಲನೆಯದು ‘ರಕಾ’ ಎಂಬ ಪದ. ಇದು ಅಂದಿನ ಜನ ಆಡುತ್ತಿದ್ದ ಅರಮಾಯಿಕ್ ಭಾಷೆಯ ಬೈಗುಳ. ತಲೆಯಲ್ಲಿ ಏನೂ ಇಲ್ಲದವನು ಎಂಬ ಭಾವ. ಗ್ರೀಕ್ ಗ್ರಂಥದ ನಡುವೆ ಅದು ಅನುವಾದಗೊಳ್ಳದೆ ಹಾಗೆಯೇ ಉಳಿದಿದೆ. ಜೊತೆಯವನನ್ನು ಹಾಗೆ ಕರೆಯುವುದೂ ದಂಡನೆಗೆ ಅರ್ಹವಾದ ಅಪರಾಧವೆಂದು ಯೇಸು ಎಚ್ಚರಿಸುತ್ತಾನೆ. ಓದುವ ಹೆಣ್ಣುಮಗಳನ್ನು ‘ಫಿಗರ್’ ಎಂದೂ, ಮೆಲ್ಲಗೆ ಕಲಿಯುವ ಹುಡುಗನನ್ನು ‘ಗುಗ್ಗು’ ಎಂದೂ ಕರೆಯುವಾಗ ನಾವು ಬೈಯುವುದಷ್ಟೇ ಅಲ್ಲ, ಸುಳ್ಳನ್ನೂ ಆಡುತ್ತೇವೆ. ಆ ಜೀವ ಅಷ್ಟೇ ಅಲ್ಲವಲ್ಲ.

ಎರಡನೆಯದು ಆಣೆ. ಒಪ್ಪಿಗೆಯೂ ನಿರಾಕರಣೆಯೂ ತಮ್ಮ ಕಾಲ ಮೇಲೆ ತಾವೇ ನಿಲ್ಲಬೇಕು, ಭೂಮ್ಯಾಕಾಶಗಳನ್ನು ಸಾಕ್ಷಿಗೆ ಕರೆಯಬಾರದು ಎಂಬುದು ಅಲ್ಲಿನ ತಾತ್ಪರ್ಯ. 17ನೆಯ ಶತಮಾನದ ಇಂಗ್ಲೆಂಡಿನಲ್ಲಿ ಕ್ವೇಕರ್ ಪಂಥದವರು ಇದನ್ನು ಅಕ್ಷರಶಃ ಪಾಲಿಸಿದರು. ನ್ಯಾಯಾಲಯದಲ್ಲಿಯೂ ಆಣೆಯಿಡಲು ಒಲ್ಲದೆ ಸೆರೆಮನೆ ಕಂಡರು. ಕೊನೆಗೆ 1696ರ ಕಾನೂನು ಹಲವು ವಿಷಯಗಳಲ್ಲಿ ಆಣೆಯ ಬದಲಿಗೆ ಅವರ ದೃಢೀಕರಣವನ್ನು ಒಪ್ಪಿಕೊಂಡಿತು. ನಮ್ಮ ಸಂವಿಧಾನದ ಮೂರನೆಯ ಅನುಸೂಚಿಯಲ್ಲಿಯೂ ದೇವರ ಹೆಸರಿನಲ್ಲಿ ಪ್ರಮಾಣ ಮಾಡಬಹುದು, ಇಲ್ಲವೆ ದೃಢೀಕರಿಸಬಹುದು. ಮಾತುಮಾತಿಗೂ ತಾಯಾಣೆ ಎನ್ನುವವನು, ಆಣೆಯಿಲ್ಲದ ತನ್ನ ಮಾತು ನಂಬತಕ್ಕದ್ದಲ್ಲವೆಂದು ತಾನೇ ಒಪ್ಪಿಕೊಂಡಂತಾಯಿತು.

ಇಷ್ಟು ಹೇಳಿ ಮುಗಿಸಿದ್ದರೆ ನನಗೆ ಸುಖವಾಗಿತ್ತು. ಆದರೆ ಅದೇ ಒರೆಗಲ್ಲಿಗೆ ನನ್ನ ಮಾತನ್ನೂ ಹಚ್ಚಬೇಕಷ್ಟೆ.

ಕಳೆದ ವರ್ಷ ವಿದ್ಯಾರ್ಥಿಯೊಬ್ಬ, ಪರೀಕ್ಷೆಯ ಶುಲ್ಕಕ್ಕೆ ಹಣ ಸಾಲದೆಂದು ನನ್ನ ಬಳಿಗೆ ಬಂದ. ಅಂದು ನನ್ನ ಕೈಯೂ ಬರಿದಾಗಿತ್ತು. ಇಲ್ಲವೆನ್ನಲು ಸಂಕೋಚವಾಗಿ, “ನೋಡೋಣಪ್ಪ” ಎಂದೆ. ಇಲ್ಲವೆಂದು ಸೂಚಿಸಿದೆನೆಂದು ನಾನು ತಿಳಿದೆ. ಕೊಡುವರೆಂದು ಅವನು ತಿಳಿದ. ಕಡೆಯ ದಿನ ಕಳೆಯಿತು. ದಂಡ ಸಹಿತ ಕಟ್ಟಲು ಅವನ ತಾಯಿ ಕಿವಿಯ ಓಲೆಯನ್ನು ಅಡವಿಟ್ಟರು. ಹುಡುಗ ನನ್ನನ್ನು ದೂರಲಿಲ್ಲ. “ಆಗೊಲ್ಲ ಅಂದಿದ್ದರೆ ಬೇರೆ ಯಾರನ್ನಾದರೂ ಕೇಳ್ತಿದ್ದೆ ಸಾರ್” ಎಂದನಷ್ಟೆ.

‘ನೋಡೋಣ’ ಎಂಬುದು ಅಚ್ಚ ಕನ್ನಡ, ವ್ಯಾಕರಣವೂ ಸರಿಯಾಗಿದೆ. ಬಸ್ಸಿನ ಹುಡುಗರ ನುಡಿಯಲ್ಲಿ ಅದಕ್ಕೆ ಓಳು ಎಂದು ಹೆಸರು. ಮನೆಯಲ್ಲಿಯೂ ಶಾಲೆಯಲ್ಲಿಯೂ ಇಂತಹ ‘ನೋಡೋಣ’ಗಳನ್ನು ಕೇಳುತ್ತ ಬೆಳೆದ ಮಕ್ಕಳು ಬರಿಯ ಮಾತನ್ನು ನಂಬದೆ ಆಣೆಯನ್ನು ಕೇಳಿದರೆ ಆಶ್ಚರ್ಯವೇನು?

ಬಸ್ಸು ಕನಕಪುರ ಸೇರಿತು. ಇಳಿಯುವಾಗ ಹಿರಿಯರು, “ಒಂದು ದಿನ ಮನೆಗೆ ಬನ್ನಿ ಮೇಷ್ಟ್ರೇ” ಎಂದರು. ಹಳೆಯ ಉತ್ತರ ನಾಲಗೆಯ ತುದಿಗೆ ಬಂದಿತ್ತು. ನುಂಗಿಕೊಂಡು, “ಈ ವಾರ ಆಗುವುದಿಲ್ಲ ಯಜಮಾನರೇ. ಮುಂದಿನ ಭಾನುವಾರ ಬರುತ್ತೇನೆ” ಎಂದೆ.

ಹೋಗಬೇಕು.