ಅಂಗಡಿಯ ಗೋಡೆ ಸರಕಿಗೆ ಪ್ರತಿಸ್ಪರ್ಧಿಯಾಗದಿರಲಿ

ಜೋರಾಪುರ ಪೇಟೆಯಲ್ಲಿ ಅಂಗಡಿ ನವೀಕರಣದ ಮಾತು ಬಂದೊಡನೆ ಹೊಳೆಯುವ ಟೈಲ್ಸ್, ಗಾಢ ಬಣ್ಣದ ಲ್ಯಾಮಿನೇಟ್, ನಕ್ಷೆಯ ಪಿಓಪಿ ಛಾವಣಿ ಎಂಬ ಪಟ್ಟಿ ಸಿದ್ಧವಾಗುತ್ತದೆ. ಮಾಲ್‌ಗಳನ್ನು ನೋಡಿ ಮಾಡಿದ ಈ ಪಟ್ಟಿಗೆ ಸಾಲದ ಹಣ ಸುರಿಯುವ ಮುನ್ನ ವರ್ತಕ ಬಾಂಧವರು ಒಮ್ಮೆ ಯೋಚಿಸುವುದು ಒಳಿತು: ಗಿರಾಕಿ ನೋಡಬಂದದ್ದು ಗೋಡೆಯನ್ನೋ, ಸರಕನ್ನೋ?

ಇಳಕಲ್ ಸೀರೆಯನ್ನೇ ತೆಗೆದುಕೊಳ್ಳಿ. 1997ರವರೆಗೆ ನಮ್ಮ ಜಿಲ್ಲೆಯಲ್ಲೇ ಇದ್ದ ಆ ಊರಿನ ನೇಕಾರರು ಕೆಂಪು ಸೆರಗಿನ ಟೋಪತೆನಿಯಲ್ಲಿ, ಗೋಮಿ ಅಥವಾ ಚಿಕ್ಕಿ ಪರಾಸಿನ ದಡಿಯಲ್ಲಿ ಬಣ್ಣವನ್ನೂ ವಿನ್ಯಾಸವನ್ನೂ ತುಂಬಿಯೇ ಕಳಿಸಿರುತ್ತಾರೆ. ಗುಳೇದಗುಡ್ಡದ ಖಣವೂ ಹಾಗೆಯೇ. ಅದರ ಹಿಂದೆ ಹೂಬಳ್ಳಿಯ ವಾಲ್‌ಪೇಪರ್ ಅಂಟಿಸಿದರೆ ಎರಡೂ ಕಣ್ಣಿಗೆ ನಿಲ್ಲವು. ಹಳೆಯ ಜವಳಿ ಅಂಗಡಿಯ ಬಿಳಿ ಹಾಸಿನ ಗಾದಿ ಕೇವಲ ಕೂಡುವ ಅನುಕೂಲವಾಗಿರಲಿಲ್ಲ. ಅದರ ಮೇಲೆ ಬಿಚ್ಚಿದ ಸೀರೆ ತನ್ನ ನಿಜಬಣ್ಣವನ್ನು ತೋರುತ್ತಿತ್ತು.

ಗೋಡೆಗಿಂತ ಹೆಚ್ಚಿನ ಪೆಟ್ಟು ಕೊಡುವುದು ದೀಪ. ಅಗ್ಗದ ಎಲ್‌ಇಡಿ ದೀಪಗಳಡಿ ಕೆಂಪು ಬಣ್ಣ ಮಂಕಾಗುವುದು ಸಾಮಾನ್ಯ. ಗಾಢ ಹಸಿರು ಗೋಡೆಯಾದರೆ ತನ್ನ ಛಾಯೆಯನ್ನೂ ಬಟ್ಟೆಯ ಮೇಲೆ ಚೆಲ್ಲುತ್ತದೆ. ಸೀರೆಯನ್ನು ಬಾಗಿಲಿಗೊಯ್ದು ಬಿಸಿಲಲ್ಲಿ ನೋಡುವ ಹೆಣ್ಣುಮಕ್ಕಳನ್ನು ಕಂಡು ಬೇಸರಪಡುವ ಅಂಗಡಿಕಾರರುಂಟು. ಜಾಣತನ ಆ ಹೆಣ್ಣುಮಕ್ಕಳದೇ! ದೀಪ ಕೊಳ್ಳುವಾಗ ವ್ಯಾಟ್ ಮಾತ್ರವಲ್ಲ, ಸಿಆರ್‌ಐ ಎಂಬ ಅಂಕಿಯನ್ನೂ ಕೇಳಬೇಕು. ಅದು 100ಕ್ಕೆ ಸಮೀಪಿಸಿದಷ್ಟೂ ಬಣ್ಣ ಸಹಜವಾಗಿ ಕಾಣುತ್ತದೆ. ಸಾಮಾನ್ಯ ದೀಪಗಳಲ್ಲಿ ಅದು 80ರ ಆಸುಪಾಸು ಇರುತ್ತದೆ. ಜವಳಿಗೆ 90ಕ್ಕಿಂತ ಮೇಲಿನದು ಲೇಸು. ಒಣದ್ರಾಕ್ಷಿಯ ವ್ಯಾಪಾರಸ್ಥರಿಗೂ ಈ ಮಾತು ಸಲ್ಲುತ್ತದೆ. ತಿಕೋಟಾ ಭಾಗದ ಹಸಿರು ಮಾಲು ಹಳದಿ ಬೆಳಕಿನಲ್ಲಿ ಕಂದಾಗಿ ಕಂಡರೆ, ದರ ಇಳಿಸಿ ಕೇಳಲು ಕೊಳ್ಳುವವನಿಗೆ ಇನ್ನೇನು ಬೇಕು?

ಎಲ್ಲರಿಗೂ ಬಿಳಿಗೋಡೆಯೇ ಸರಿಯೆಂದು ಇದರ ಅರ್ಥವಲ್ಲ. ಸ್ಟೀಲ್ ಪಾತ್ರೆಗಳಿಗೆ ಸ್ವಂತ ಬಣ್ಣವಿಲ್ಲ. ಗಾಢ ನೀಲಿಯ ಹಿನ್ನೆಲೆ ಅವುಗಳಿಗೆ ಒಪ್ಪುತ್ತದೆ. ಬಂಗಾರವನ್ನು ಗುಲಾಬಿ ಕಾಗದದಲ್ಲಿ ಸುತ್ತಿಕೊಡುವ ಸರಾಫರಿಗೆ ಈ ಗುಟ್ಟು ಮೊದಲಿನಿಂದಲೂ ಗೊತ್ತು.

ನೆಲಕ್ಕೆ ನುಣುಪು ಟೈಲ್ಸ್ ಹಾಸಿದರೆ ಮೇಲಿನ ದೀಪಗಳೆಲ್ಲ ಅದರಲ್ಲಿ ಪ್ರತಿಫಲಿಸಿ ಕಣ್ಣು ಕುಕ್ಕುತ್ತವೆ. ಮೇ ತಿಂಗಳ ಬಿಸಿಲಿನಿಂದ ಒಳಬಂದವನಿಗೆ ಇದು ಬೇಡ. ನಮ್ಮದೇ ತಾಳಿಕೋಟೆಯ ಕಲ್ಲು ಅಥವಾ ಶಹಾಬಾದ ಫರಸಿಯ ಮಂದ ಮೈ ಸಾಕು.

ಇನ್ನು ವಿನ್ಯಾಸ ಎಲ್ಲಿರಬೇಕೆಂಬುದಕ್ಕೆ ಇಬ್ರಾಹಿಂ ರೋಜಾ ಕಣ್ಣೆದುರೇ ಇದೆ. ಅಲ್ಲಿ ಅಕ್ಷರಗಳನ್ನೇ ಜಾಲಂಧ್ರವಾಗಿ ಕೊರೆದ ಕಿಟಕಿಗಳಿರುವುದು ಕಮಾನುಗಳ ಒಳಗೆ, ನೋಡುವವನು ನಿಲ್ಲುವಲ್ಲಿ. ಅಂಗಡಿಯಲ್ಲಿಯೂ ಗಿರಾಕಿ ನಿಲ್ಲುವ ಒಂದು ಗೋಡೆಗೆ ಮಾತ್ರ ಕುಸುರಿ ಇರಲಿ.

ದೀಪಾವಳಿಗೆ ಹೇಗೂ ಅನೇಕರು ಅಂಗಡಿಗೆ ಬಣ್ಣ ಬಳಿಸುತ್ತಾರೆ. ಈ ಸಲ ಬಣ್ಣ ಆರಿಸುವ ಮುನ್ನ ತಮ್ಮಲ್ಲಿ ಹೆಚ್ಚು ಮಾರುವ ಐದಾರು ಸರಕುಗಳನ್ನು ಬಣ್ಣದ ಮಾದರಿಯ ಪಕ್ಕದಲ್ಲಿಟ್ಟು, ಸಂಜೆ ಅಂಗಡಿಯ ದೀಪದಲ್ಲಿಯೇ ನೋಡಲಿ. ಅದಕ್ಕೆ ಖರ್ಚೇನೂ ಇಲ್ಲ.